ಹಾಸ್ಟೆಲಕ್ಕನ ಚೌಕಾಸಿ

ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ಇಪ್ಪತ್ತೊಂಬತ್ತು ವರ್ಷ ತರಕಾರಿ, ದಿನಸಿ, ಪೊರಕೆ, ಬಕೆಟ್ಟು ಕೊಂಡು ತಂದವಳಿಗೆ ಮಾರ್ಕೆಟ್ಟಿನವರು ಇಟ್ಟ ಹೆಸರು ಹಾಸ್ಟೆಲಕ್ಕ. ನೂರಿಪ್ಪತ್ತು ಹುಡುಗಿಯರ ಹೊಟ್ಟೆ ಅವಳ ಚೀಲದ ಮೇಲೆ ನಿಂತಿತ್ತು. ಕೆಲಸದಿಂದ ನಿವೃತ್ತಳಾದ ಮೇಲೂ ಹೆಸರು ಅವಳನ್ನು ಬಿಡಲಿಲ್ಲ, ಅವಳು ಚೌಕಾಸಿಯನ್ನು ಬಿಡಲಿಲ್ಲ.

ಚೌಕಾಸಿ ಎಂದರೆ ಗಂಟಲು ಹರಿದುಕೊಳ್ಳುವುದು ಎಂದು ತಿಳಿದವರು ಅವಳನ್ನು ನೋಡಬೇಕಿತ್ತು. ಅವಳ ದನಿ ಏರಿದ್ದನ್ನು ಯಾರೂ ಕೇಳಿಲ್ಲ. ಮೊದಲು ಮಾರುವವನ ಯೋಗಕ್ಷೇಮ ವಿಚಾರಿಸುವಳು. ಆಮೇಲೆ ತನಗೆ ಬೇಕಾದ್ದನ್ನು ಬಿಟ್ಟು ಪಕ್ಕದ್ದರ ಬೆಲೆ ಕೇಳುವಳು. ಮಾಲನ್ನು ಹೊಗಳುವಳೇ ಹೊರತು ಅಪ್ಪಿತಪ್ಪಿಯೂ ಹಳಿಯುವವಳಲ್ಲ. ಕೊನೆಗೆ ತನ್ನ ಬೆಲೆ ಹೇಳಿ ಸುಮ್ಮನೆ ನಿಂತುಬಿಡುವಳು. ಆ ಸುಮ್ಮನಿರುವಿಕೆಯೇ ದೊಡ್ಡ ವಿದ್ಯೆ. ನಮ್ಮಂಥವರು ಅಲ್ಲಿ ಬಾಯಿ ತಡೆಯಲಾರದೆ ನಾವೇ ಬೆಲೆ ಏರಿಸಿಕೊಳ್ಳುತ್ತೇವೆ. ಒಪ್ಪದಿದ್ದರೆ ನಗುತ್ತಲೇ ನಾಲ್ಕು ಹೆಜ್ಜೆ ನಡೆಯುವಳು, ಐದನೆಯದಕ್ಕೆ ಹಿಂದಿನಿಂದ ಕರೆ ಬರುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಹಾಗೆ ಅವಳ ವ್ಯಾಪಾರ. ಅವಳ ಕೈಯಲ್ಲಿ ಸೋತ ತರಕಾರಿಯವನೇ ಅವಳ ಚೀಲವನ್ನು ರಿಕ್ಷಾದವರೆಗೆ ಹೊತ್ತು ತಂದಿಡುತ್ತಿದ್ದ.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅವಳ ತಂಗಿ. ಗಂಡ ತೀರಿಕೊಂಡ ಮೇಲೆ ಅಕ್ಕ ತಂಗಿಯ ಮನೆಗೆ ಬಂದವಳು ಅಲ್ಲೇ ಉಳಿದಳು. ತಂಗಿ ಮದುವೆಯಾದವಳಲ್ಲ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಮಕ್ಕಳ ಅಂಗಿ, ಫ್ರಾಕು, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಐವತ್ತಾರು ವರ್ಷವಾದರೂ ಅಕ್ಕನ ಬಾಯಲ್ಲಿ ಅವಳು ಗುಬ್ಬಿಯೇ. ಅಳತೆ ಪಟ್ಟಿ ಕೊರಳಲ್ಲಿ ನೇತಾಡುತ್ತಿದ್ದರೂ ಅದರ ಗೊಡವೆ ಅವಳಿಗೆ ಬೇಕಿರಲಿಲ್ಲ. ಮಗು ಬಾಗಿಲಲ್ಲಿ ನಿಂತರೆ ಸಾಕು, ಕಣ್ಣಲ್ಲೇ ಭುಜ, ತೋಳು, ಕೊರಳು ಅಳೆದು ಬರೆದುಕೊಳ್ಳುವಳು. ಅಂಥ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

ಆ ಕಣ್ಣಿಗೇ ಅಕ್ಕ ಮಣ್ಣೆರಚಬೇಕಾಗಿ ಬಂತು. ತಂಗಿಗೆ ಊಟ ಸೇರುತ್ತಿರಲಿಲ್ಲ, ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ ನೋವು. ಒಂದು ಆಸ್ಪತ್ರೆ ಮತ್ತೊಂದಕ್ಕೆ ಕಳಿಸಿತು, ಆ ಪರೀಕ್ಷೆ ಈ ಪರೀಕ್ಷೆ ಎಲ್ಲ ಮುಗಿದವು. ಕೊನೆಗೆ ಒಂದು ಮಧ್ಯಾಹ್ನ ನರ್ಸು ತೂಕ ನೋಡಲು ತಂಗಿಯನ್ನು ಹೊರಗೆ ಕರೆದುಕೊಂಡು ಹೋದಾಗ, ಡಾಕ್ಟರು ಗೋಡೆಯ ಮೇಲಿನ ದೀಪಕ್ಕೆ ಫಿಲ್ಮು ಸಿಕ್ಕಿಸಿ ಅಕ್ಕನಿಗೆ ವಿಷಯ ಹೇಳಿದರು. ಇದು ವಾಸಿಯಾಗುವ ಕಾಯಿಲೆಯಲ್ಲ, ಕೊಯ್ದು ತೆಗೆಯುವ ಹಂತವೂ ದಾಟಿದೆ, ನೋವಿಗೆ ಮಾತ್ರ ಔಷಧಿ ಕೊಡಬಹುದು ಎಂದರು. ಒಳಗೆ ಇನ್ನೂ ಏನೇನೋ ಮಾತಾಯಿತು. ಹೊರಗೆ ಬಂದ ಅಕ್ಕ ತಂಗಿಗೆ ಹೇಳಿದ್ದು ಕರುಳಿನಲ್ಲಿ ಹುಣ್ಣಾಗಿದೆ, ಮಾತ್ರೆ ತೆಗೆದುಕೊಂಡರೆ ನಿಧಾನಕ್ಕೆ ಮಾಗುತ್ತದೆ ಎಂದು.

ತಂಗಿ ನಂಬಿದ್ದು ಆ ಮಾತಿನಿಂದಲ್ಲ. ಅಕ್ಕ ಔಷಧಿ ಅಂಗಡಿಯ ಮುಂದೆ ನಿಂತು, ಎಲ್ಲಿದ್ದೇನೆ ಏನು ಮಾಡುತ್ತಿದ್ದೇನೆ ಎಂಬ ಪರಿವೆಯೇ ಇಲ್ಲದೆ, ಅಭ್ಯಾಸಬಲದಿಂದ ಬಿಲ್ಲಿನಲ್ಲಿ ಒಂದಿಷ್ಟು ಬಿಡಿ ಎಂದು ಕೇಳಿದಳು. ಅಂಗಡಿಯವನು ಆಗುವುದಿಲ್ಲ ಎಂದ. ಅವಳು ಅವನ ಮಗಳ ಓದಿನ ಬಗ್ಗೆ ವಿಚಾರಿಸಿ ಮತ್ತೆ ಕೇಳಿದಳು. ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ ತಂಗಿಯ ಮುಖ ಅರಳಿತು.

ರಿಕ್ಷಾದಲ್ಲಿ ಅವಳೇ ಬಾಯಿ ಬಿಟ್ಟು ಹೇಳಿದಳು: "ನಿಜ ಹೇಳ್ತೀನಿ ಅಕ್ಕಾ, ನನಗೆ ಒಳಗೊಳಗೇ ಹೆದರಿಕೆ ಆಗಿತ್ತು. ನೀನು ಅಲ್ಲಿ ಚಿಲ್ಲರೆ ಕಾಸಿಗೆ ನಿಂತದ್ದು ನೋಡಿ ಸಮಾಧಾನ ಆಯ್ತು. ಏನಾದ್ರೂ ದೊಡ್ಡದಿದ್ದಿದ್ರೆ ನಿನ್ನ ಕೈಲಿ ಅದು ಆಗ್ತಿರ್ಲಿಲ್ಲ."

ಅಕ್ಕ ನಕ್ಕಳು. ಇನ್ನು ಮುಂದೆ ತಾನು ಯಾವತ್ತು ಚೌಕಾಸಿ ಬಿಡುತ್ತೇನೋ ಅವತ್ತು ಗುಟ್ಟು ರಟ್ಟಾಗುತ್ತದೆ ಎಂದು ಅವಳಿಗೆ ಅಲ್ಲೇ ಖಾತ್ರಿಯಾಯಿತು.

ತಂಗಿಗೆ ಪರದೇಶ ನೋಡುವ ಆಸೆ ಹಳೆಯದು. ಕೆಲವು ವರ್ಷದ ಹಿಂದೆ ಹೊರಟು ನಿಂತುಹೋದ ಪ್ರವಾಸಕ್ಕೆಂದು ಮಾಡಿಸಿದ್ದ ಇಬ್ಬರ ಪಾಸ್‌ಪೋರ್ಟೂ ಬೀರುವಿನಲ್ಲಿ ಬಟ್ಟೆಯ ಅಡಿ ಮಲಗಿದ್ದವು. ಅಕ್ಕ ಬ್ಯಾಂಕಿನಲ್ಲಿದ್ದ ತನ್ನ ಠೇವಣಿ ಮುರಿಸಿ ಒಂಬತ್ತು ದಿನದ ಪ್ರವಾಸಕ್ಕೆ ಎರಡು ಸೀಟು ಹಿಡಿದಳು. ಟೂರಿನವನು ಹೇಳಿದ ಬೆಲೆಯನ್ನು ಉಸಿರೆತ್ತದೆ ಕೊಟ್ಟು ಬಂದವಳು, ಮನೆಯಲ್ಲಿ ಮಾತ್ರ ಅವನನ್ನು ಮೂರು ದಿನ ಸತಾಯಿಸಿ ಅರ್ಧಕ್ಕೆ ಇಳಿಸಿದ ಕತೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳಿದಳು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹುಣ್ಣಿಗೆ ಗಾಳಿ ಬದಲಾದರೆ ಒಳ್ಳೆಯದಂತೆ ಎಂದು ಅಕ್ಕ ಇನ್ನೊಂದು ಸುಳ್ಳು ಸೇರಿಸಿದಳು. ಡಾಕ್ಟರು ಮಾತ್ರ ಈಗಲೇ ಹೋಗಿ ಬನ್ನಿ, ಮುಂದೆ ಹಾಕಬೇಡಿ ಎಂದಿದ್ದರು.

ಹೊರಟವರು ಇಪ್ಪತ್ತೆರಡು ಮಂದಿ. ಕಲ್ಲು ಹಾಸಿದ ಬೀದಿಗಳು, ಕಿಟಕಿಯಲ್ಲಿ ಹೂಕುಂಡಗಳು, ಕೊರೆಯುವ ಗಾಳಿ. ಕೆಂಪು ಕೊಡೆ ಎತ್ತಿ ಹಿಡಿದು ಮುಂದೆ ನಡೆಯುವ ಗೈಡ್ ಹುಡುಗಿ ಎಲ್ಲರಿಗೂ ಆ ದೇಶದ ಭಾಷೆಯಲ್ಲಿ ಮೂರು ಮಾತು ಕಲಿಸಿದಳು: ನಮಸ್ಕಾರ, ದಯವಿಟ್ಟು, ಧನ್ಯವಾದ. ಹಾಸ್ಟೆಲಕ್ಕ ಪಕ್ಕಕ್ಕೆ ಕರೆದು ನಾಲ್ಕನೆಯದನ್ನು ಕೇಳಿ ಕಲಿತಳು: ಸ್ವಲ್ಪ ಕಡಿಮೆ. ನಾಲ್ಕನ್ನೂ ದಿನಾ ಬೆಳಿಗ್ಗೆ ಕನ್ನಡ ಅಕ್ಷರದಲ್ಲಿ ಅಂಗೈ ಮೇಲೆ ಬರೆದುಕೊಳ್ಳತೊಡಗಿದಳು.

ಮೊದಲ ಬೀದಿಸಂತೆಯಲ್ಲಿ ತಂಗಿ ಒಂದು ಉಣ್ಣೆಯ ಸ್ಕಾರ್ಫನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಅಕ್ಕನ ಕೈ ತಾನಾಗಿಯೇ ಪರ್ಸಿಗೆ ಹೋಯಿತು. ಕೇಳಿದಷ್ಟು ಬಿಸಾಡಿ, ಅಂಗಡಿಯಲ್ಲಿರುವ ಸ್ಕಾರ್ಫನ್ನೆಲ್ಲ ಅವಳ ಹೆಗಲಿಗೆ ಹೊದಿಸಬೇಕು ಎನ್ನಿಸಿತು. ಆದರೆ ತಂಗಿ ಆಗಲೇ ಮುಖ ಬೇರೆ ಕಡೆ ತಿರುಗಿಸಿದ್ದಳು. ಅದು ಇಬ್ಬರ ನಡುವಿನ ಹಳೆಯ ಸನ್ನೆ: ಆಸೆ ಮುಖದಲ್ಲಿ ಕಂಡರೆ ಬೆಲೆ ಇಳಿಯುವುದಿಲ್ಲವೆಂದು, ಬೇಕಾದ್ದು ಸಿಕ್ಕ ಕೂಡಲೇ ತಂಗಿ ಆಕಾಶ ನೋಡುತ್ತಾ ನಿಲ್ಲುತ್ತಿದ್ದಳು. ಅಕ್ಕ ಪರ್ಸು ಬಿಟ್ಟು ಅಂಗೈ ನೋಡಿಕೊಂಡಳು. ನಮಸ್ಕಾರ ಹೇಳಿದಳು, ಪಕ್ಕದ ಟೋಪಿಯ ಬೆಲೆ ಕೇಳಿದಳು, ಅಂಗಡಿಯವನ ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿ ಎರಡೂ ಕೈಯಲ್ಲಿ ಅವನಿಗೆ ಒಪ್ಪಿಸಿದಳು. ಅವನು ಒತ್ತಿ ಕೊಟ್ಟ, ಇವಳು ಒತ್ತಿ ಕೊಟ್ಟಳು. ನಾಲ್ಕು ಹೆಜ್ಜೆ ನಡೆದಳು. ಚಪ್ಪಾಳೆ ತಟ್ಟಿ ಕರೆಯುವುದು ಆ ದೇಶದಲ್ಲೂ ಇತ್ತು.

"ಅವನ ಹೊಟ್ಟೆ ಉರಿಸಿಬಿಟ್ಟೆ ಕಣೇ ಅಕ್ಕಾ," ಎಂದು ತಂಗಿ ಸ್ಕಾರ್ಫು ಸುತ್ತಿಕೊಂಡು ಕುಣಿದಾಡಿದಳು. ಅವತ್ತು ರಾತ್ರಿಯೂಟಕ್ಕೆ ಎರಡು ತುತ್ತು ಹೆಚ್ಚೇ ತಿಂದಳು.

ಆಮೇಲೆ ಕೇಳುವುದೇ ಬೇಡ. ಪ್ರವಾಸದವರೆಲ್ಲ ಹಾಸ್ಟೆಲಕ್ಕನ ಬೆನ್ನು ಬಿದ್ದರು. ಅವರಲ್ಲೊಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು, ತನ್ನಷ್ಟು ಚೌಕಾಸಿ ಬಲ್ಲವರಿಲ್ಲವೆಂಬ ಠೇಂಕಾರದ ಮನುಷ್ಯ, ಯಾವ ವಸ್ತು ಕಂಡರೂ ಮೂಗು ಮುರಿದು ಕಾಲು ಬೆಲೆಗೆ ಕೇಳಿ ಅಂಗಡಿಯವರು ಬೆನ್ನು ತಿರುಗಿಸುವಂತೆ ಮಾಡಿ ಬರುತ್ತಿದ್ದ. ಮಾಲನ್ನು ಹಳಿದರೆ ಇಳಿಯುವುದು ಬೆಲೆಯಲ್ಲ ಸಾರ್, ಅವರ ಮುಖ ಎಂದು ಅಕ್ಕ ಮೆಲ್ಲಗೆ ತಿದ್ದಿದಳು. ತಂಗಿ ಬಸ್ಸಿನಲ್ಲಿ ಅವನ ಮೂಗು ಮುರಿಯುವಿಕೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಅಕ್ಕ ಇಷ್ಟು ಹುರುಪಿನಲ್ಲಿ ಚೌಕಾಸಿ ಮಾಡುತ್ತಿರುವಾಗ ಲೋಕದಲ್ಲಿ ಯಾವುದೂ ಕೆಟ್ಟಿಲ್ಲ ಎಂಬ ನೆಮ್ಮದಿ ಅವಳದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಹೇಳುತ್ತದೆ. ಮಾತು ಬಲ್ಲವಳ ತಂಗಿಗೆ ರೋಗ ಬಂದರೆ ಏನು ಮಾಡಬೇಕೆಂದು ಯಾವ ಗಾದೆಯೂ ಹೇಳಲಿಲ್ಲ.

ಐದನೆಯ ದಿನ ಕೆಲಸ ಕೆಟ್ಟಿತು. ಒಂದು ಅಂಗಡಿಯಲ್ಲಿ ದಾರದ ಉಂಡೆ ಇಡುವ ಮರದ ಪೆಟ್ಟಿಗೆಯಿತ್ತು. ಒಳಗೆ ಪುಟ್ಟ ಪುಟ್ಟ ಗೂಡುಗಳು, ಮುಚ್ಚಳದ ಮೇಲೆ ಕೈಯಲ್ಲಿ ಬಿಡಿಸಿದ ಎಲೆಗಳು. ತಂಗಿ ಅದರ ಗೂಡುಗಳನ್ನೆಲ್ಲ ಒಂದೊಂದಾಗಿ ತೆರೆದು ಮುಚ್ಚಿ, ನಿಟ್ಟುಸಿರು ಬಿಟ್ಟು, ಆಕಾಶ ನೋಡತೊಡಗಿದಳು. ಅಕ್ಕ ನಿಯಮ ತಪ್ಪದೆ ಎಲ್ಲ ಮಾಡಿ ನಾಲ್ಕು ಹೆಜ್ಜೆ ನಡೆದಳು. ಐದು, ಆರು, ಏಳು. ಕರೆ ಬರಲಿಲ್ಲ. ತಿರುಗಿ ನೋಡಿದರೆ ಬೇರೆ ಯಾರೋ ಹೆಂಗಸು ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ದುಡ್ಡು ಕೊಡುತ್ತಿದ್ದಳು.

ಹೋಗಲಿ ಬಿಡು, ದಾರ ಇಡಲು ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ಇದೆಯಲ್ಲ ಎಂದು ತಂಗಿಯೇ ಸಮಾಧಾನ ಹೇಳಿದಳು. ಆದರೆ ಬಸ್ಸಿನಲ್ಲಿ ಕಿಟಕಿಗೆ ಒರಗಿದವಳ ಬೆರಳುಗಳು ಮಡಿಲಲ್ಲಿ ಆ ಗೂಡುಗಳ ಅಳತೆ ತೆಗೆಯುತ್ತಲೇ ಇದ್ದವು. ಹೋಟೆಲಿಗೆ ಬಂದು ಅಕ್ಕ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ, ಟವೆಲನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನನ್ನ ಹಾಳು ಚೌಕಾಸಿಗೆ ಬೆಂಕಿ ಬೀಳಲಿ ಎಂದು ತನ್ನನ್ನೇ ಶಪಿಸಿಕೊಂಡಳು. ಎಷ್ಟು ಹೊತ್ತು ಸ್ನಾನ ಎಂದು ತಂಗಿ ಬಾಗಿಲು ತಟ್ಟಿದಾಗ, ಬಿಸಿನೀರು ಪುಕ್ಕಟೆ ಸಿಗುವಾಗ ಬಿಡಬಾರದು ಕಣೇ ಎಂದು ಒಳಗಿನಿಂದ ಕೂಗಿದಳು.

ಕೊನೆಯ ದಿನ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚೆ ಎರಡು ಗಂಟೆ ಬಿಡುವಿತ್ತು. ಹೋಟೆಲಿನ ಹಿಂದಿನ ಚೌಕದಲ್ಲಿ ಹಳೆಯ ಸಾಮಾನಿನ ಸಂತೆ. ತಂಗಿಗೆ ಬೆಳಿಗ್ಗೆಯಿಂದ ನೋವು ಹೆಚ್ಚಿತ್ತು. ಹುಣ್ಣು ಮಾಗುವಾಗ ಹೀಗೇ ಆಗುತ್ತದೇನೋ ಎಂದು ಅವಳೇ ಹೇಳಿಕೊಂಡು, ಅಕ್ಕನ ತೋಳು ಹಿಡಿದು ನಿಧಾನವಾಗಿ ಬಂದಳು. ಮೂಲೆಯಲ್ಲಿ ಒಬ್ಬಳು ಮುದುಕಿ ಮಡಿಸುವ ಮೇಜಿನ ಮೇಲೆ ಬರೀ ಗುಂಡಿಗಳನ್ನು ಹರಡಿಕೊಂಡು ಕುಳಿತಿದ್ದಳು. ಹಳೆಯ ಕೋಟು, ಅಂಗಿಗಳಿಂದ ಬಿಚ್ಚಿ, ಬಣ್ಣ ಅಳತೆ ಹೊಂದಿಸಿ, ದಪ್ಪ ಕಾಗದಕ್ಕೆ ಸಾಲಾಗಿ ಹೊಲಿದಿಟ್ಟ ಗುಂಡಿಗಳು. ತಂಗಿಯ ಕಣ್ಣು ಕೀಲಿಸಿದಂತೆ ಅಲ್ಲೇ ನಿಂತಿತು.

ಮುದುಕಿ ತಂಗಿಯ ಮುಖ ನೋಡಿದವಳೇ ಎದ್ದು ತನ್ನ ಕುರ್ಚಿಯನ್ನು ಅವಳತ್ತ ತಳ್ಳಿದಳು. ತಂಗಿ ಕುಳಿತಳು. ಮುದುಕಿ ಅವಳ ಬಲಗೈ ಎತ್ತಿ, ಸೂಜಿ ಚುಚ್ಚಿ ಚುಚ್ಚಿ ಒರಟಾದ ನಡುಬೆರಳಿನ ತುದಿಯನ್ನು ಮುಟ್ಟಿ ನೋಡಿ, ತನ್ನ ಬೆರಳನ್ನೂ ಚಾಚಿ ತೋರಿಸಿದಳು. ಇಬ್ಬರೂ ನಕ್ಕರು. ಅಲ್ಲಿಂದ ಮುಂದೆ ಅವರಿಗೆ ಭಾಷೆ ಬೇಕಾಗಲಿಲ್ಲ. ತಂಗಿ ಹತ್ತು ಹನ್ನೆರಡು ಕಾಗದ ತಿರುವಿ ಹಾಕಿ ಕೊನೆಗೆ ಚಿಪ್ಪಿನ ಗುಂಡಿಗಳ ಒಂದು ಸಾಲನ್ನು ಎತ್ತಿಕೊಂಡಳು. ಇವನ್ನು ಕೈಯಲ್ಲೇ ಕೊರೆದಿದ್ದಾರೆ, ಒಂದರ ತೂತು ಇನ್ನೊಂದರ ಹಾಗಿಲ್ಲ ನೋಡು ಎಂದು ಅಕ್ಕನಿಗೆ ತೋರಿಸಿದಳು. ಬೆಳಕಿಗೆ ಹಿಡಿದಳು, ಕೆನ್ನೆಗೆ ತಾಗಿಸಿಕೊಂಡಳು. ಆಮೇಲೆ ಇಷ್ಟವಿಲ್ಲದವಳ ಹಾಗೆ ಮೇಜಿನ ಮೇಲಿಟ್ಟು, ಮುಖ ತಿರುಗಿಸಿ, ಚೌಕದ ಆ ಬದಿಯ ಕಟ್ಟಡಗಳ ಮೇಲಿನ ಆಕಾಶ ನೋಡುತ್ತಾ ಕುಳಿತಳು.

ಮುದುಕಿ ಒಂದು ಚೀಟಿಯ ಮೇಲೆ ಬೆಲೆ ಬರೆದು ಅಕ್ಕನ ಮುಂದೆ ಸರಿಸಿದಳು. ಹಳೆಯ ಗುಂಡಿಗೆ ಅದು ಕಣ್ಣು ಕುಕ್ಕುವ ಬೆಲೆ. ಚೌಕಾಸಿಗೆಂದೇ ಏರಿಸಿ ಬರೆದದ್ದು ಎಂದು ಎಂಥ ದಡ್ಡನಿಗೂ ತಿಳಿಯುತ್ತಿತ್ತು. ಅಕ್ಕ ಅಂಗೈ ನೋಡಿಕೊಂಡಳು, ನಮಸ್ಕಾರ ಹೇಳಲು ಬಾಯಿ ತೆರೆದಳು. ಆಗ ಅವಳ ಕಣ್ಣು ತಂಗಿಯ ಬೆನ್ನ ಮೇಲೆ ಬಿತ್ತು. ತಂಗಿ ತನ್ನ ಕೈಯಾರೆ ಹೊಲಿದುಕೊಂಡ ಕೋಟು ಅದು. ಹೊಲಿದಾಗ ಕೊರಳಿಗೆ ಅಂಟಿದಂತಿದ್ದ ಅದರ ಕಾಲರು ಈಗ ಎರಡು ಬೆರಳು ದೂರ ನಿಂತಿತ್ತು. ಆ ಸಂದಿಯಲ್ಲಿ ಕತ್ತಿನ ಮೂಳೆಗಳು ಒಂದೊಂದಾಗಿ ಎಣಿಸುವ ಹಾಗೆ ಕಾಣುತ್ತಿದ್ದವು. ಊರಿನ ಮಕ್ಕಳಿಗೆಲ್ಲ ಕಣ್ಣಳತೆಯಲ್ಲೇ ಕೊರಳು ಕೂರಿಸಿದವಳು, ಅಕ್ಕನ ಆಟ ಇನ್ನೇನು ಶುರುವಾಗುತ್ತದೆ ಎಂದು ಚಿಕ್ಕ ಹುಡುಗಿಯ ಹಾಗೆ ಬೆನ್ನು ಹಾಕಿ ಕಾಯುತ್ತಿದ್ದಳು.

ಅಕ್ಕ ಅಂಗೈ ಮಡಿಸಿಕೊಂಡಳು. ಈ ಹುಡುಗಿಯ ಆಸೆಗೆ ಇನ್ನೊಂದು ಸಲ ಬೆಲೆ ಕಟ್ಟಲಾರೆ, ಇನ್ನೊಂದು ಪೆಟ್ಟಿಗೆ ಕೈತಪ್ಪಿ ಹೋಗುವುದನ್ನು ನೋಡಲಾರೆ ಎನ್ನಿಸಿತು. ಅವಳು ಪರ್ಸು ತೆರೆದು ಚೀಟಿಯಲ್ಲಿ ಬರೆದಷ್ಟನ್ನೂ ತೆಗೆದು ಮುದುಕಿಯ ಕೈಗಿಟ್ಟಳು.

ಮುದುಕಿ ತಬ್ಬಿಬ್ಬಾದಳು. ನೋಟುಗಳನ್ನು ನೋಡಿದಳು, ಅಕ್ಕನನ್ನು ನೋಡಿದಳು, ಕುರ್ಚಿಯಲ್ಲಿ ಕುಳಿತವಳನ್ನು ನೋಡಿದಳು. ಅವಳಿಗೆ ಏನು ಹೊಳೆಯಿತೋ, ಎರಡು ನೋಟು ವಾಪಸು ಚಾಚಿದಳು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಮುದುಕಿ ಬಿಡದೆ ಇನ್ನೊಂದು ಸಾಲು ಗುಂಡಿ ತೆಗೆದು ಮೊದಲಿನದರ ಜೊತೆಗೆ ಕಾಗದದಲ್ಲಿ ಸುತ್ತಿದಳು. ಕಾಗದದ ಸದ್ದಿಗೆ ತಂಗಿ ತಿರುಗಿದಳು.

ಮೇಜಿನ ಮೇಲೆ ಚೀಟಿ ಇತ್ತು, ಮುದುಕಿಯ ಕೈಯಲ್ಲಿ ನೋಟುಗಳಿದ್ದವು. ಕಣ್ಣಲ್ಲೇ ಅಳೆಯುವವಳಿಗೆ ಅಷ್ಟು ಸಾಕಾಯಿತು. ತಂಗಿ ಚೀಟಿ ಓದಿದಳು, ನೋಟು ನೋಡಿದಳು, ಕೊನೆಗೆ ಅಕ್ಕನ ಮುಖ ನೋಡಿದಳು. ಅಕ್ಕ ಏನಾದರೂ ಸುಳ್ಳು ಕಟ್ಟಲು ಹವಣಿಸಿದಳು. ಪಾಪದ ಮುದುಕಿ, ಹೊತ್ತಾಯಿತು, ಬಸ್ಸು ಬರುತ್ತದೆ ಎಂದೆಲ್ಲ ತೊದಲಿದಳು. ತಂಗಿ ಅದನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಮುಚ್ಚಿದಳು.

"ಡಾಕ್ಟರು ಎಷ್ಟು ದಿನ ಅಂದ್ರು ಅಕ್ಕಾ?" ಎಂದು ಕೇಳಿದಳು.

ಅಕ್ಕ ಅವಳ ಮುಂದೆ ಕಲ್ಲುಹಾಸಿನ ಮೇಲೆಯೇ ಕುಸಿದು ಕುಳಿತಳು. ಎರಡು ತಿಂಗಳಿಂದ ಹೊತ್ತು ತಿರುಗಿದ್ದು ಒಮ್ಮೆಗೇ ಜಾರಿಬಿತ್ತು. ತಂಗಿಯ ಮಂಡಿಗೆ ಹಣೆ ಒತ್ತಿ, "ಒಂದು ವರ್ಷ ಅಂದ್ರು ಗುಬ್ಬಿ," ಎಂದಳು.

ಮುದುಕಿ ಬೆನ್ನು ತಿರುಗಿಸಿಕೊಂಡು, ಜೋಡಿಸಿಟ್ಟಿದ್ದ ಗುಂಡಿಗಳನ್ನೇ ಮತ್ತೆ ಜೋಡಿಸತೊಡಗಿದಳು. ಗೈಡ್ ಹುಡುಗಿ ದೂರದಲ್ಲಿ ಕೊಡೆ ಎತ್ತಿ ಹೊರಡುವ ಹೊತ್ತಾಯಿತೆಂದು ತೋರಿಸುತ್ತಿದ್ದಳು. ತಂಗಿ ಅಕ್ಕನ ಕೆನ್ನೆಗೆ ಬಿದ್ದ ಕೂದಲನ್ನು ಹಿಂದಕ್ಕೆ ಸವರಿದಳು.

"ಅಷ್ಟೇನಾ? ಅವರ ಹತ್ರ ನೀನು ಚೌಕಾಸಿ ಮಾಡ್ಲಿಲ್ವಾ?"

"ಮಾಡ್ದೆ ಕಣೇ," ಎಂದಳು ಅಕ್ಕ. "ಮೊದಲು ಆರು ತಿಂಗಳು ಅಂದಿದ್ರು. ಕೈ ಮುಗಿದು, ಇನ್ನೂ ಸ್ವಲ್ಪ ನೋಡಿ ಡಾಕ್ಟ್ರೇ ಅಂದೆ. ಅವರು ಏನೂ ಹೇಳಲಿಲ್ಲ. ನಾನೂ ಎದ್ದು ಹೋಗದೆ ಸುಮ್ನೆ ಕೂತಿದ್ದೆ. ಆಮೇಲೆ, ಆಯ್ತಮ್ಮ, ವರ್ಷ ಅಂತ ಇಟ್ಕೊಳ್ಳಿ ಅಂದ್ರು."

ಬಸ್ಸಿನಲ್ಲಿ ಇಬ್ಬರೂ ಒಂದೇ ಸ್ಕಾರ್ಫು ಹೊದ್ದು ಕುಳಿತರು. ಏನಾಯಿತು, ಆ ಮುದುಕಿ ಎಷ್ಟಕ್ಕೆ ಕೊಟ್ಟಳು ಎಂದು ಬ್ಯಾಂಕ್ ಮ್ಯಾನೇಜರು ಹಿಂದಿನ ಸೀಟಿನಿಂದ ವಿಚಾರಿಸಿದಾಗ, ಪುಕ್ಕಟೆ ಒಂದು ಸಾಲು ಹೆಚ್ಚಿಗೆ ಕೊಟ್ಟಳು ಸಾರ್ ಎಂದು ತಂಗಿಯೇ ಉತ್ತರ ಕೊಟ್ಟಳು. ಆ ದಿನದಿಂದ ಆ ಮನೆಯಲ್ಲಿ ಸುಳ್ಳು ನಿಂತಿತು. ತಂಗಿ ಕೂರಲು ಆಗುವಷ್ಟು ದಿನ ಯಂತ್ರದ ಮುಂದೆ ಕುಳಿತು, ಒಪ್ಪಿಕೊಂಡಿದ್ದ ಸಮವಸ್ತ್ರಗಳನ್ನೆಲ್ಲ ಮುಗಿಸಿ ಕೊಟ್ಟಳು. ನೋವು ಬಂದಾಗ ನೋವು ಎಂದೇ ಹೇಳಿದಳು, ಅಕ್ಕ ಅಳು ಬಂದಾಗ ನಲ್ಲಿ ತಿರುಗಿಸದೆ ಅವಳ ಎದುರಿಗೇ ಅತ್ತಳು.

ಡಾಕ್ಟರು ಹೇಳಿದ ದಿನದಿಂದ ಆರು ತಿಂಗಳು ತುಂಬುವ ವಾರದಲ್ಲಿ ತಂಗಿ ಹೋದಳು. ಉಳಿದ ಆರು ತಿಂಗಳು ಡಾಕ್ಟರ ದಾಕ್ಷಿಣ್ಯದ ಮಾತಾಗಿತ್ತು. ಇಷ್ಟು ವರ್ಷ ವ್ಯಾಪಾರ ಮಾಡಿದವಳಿಗೆ ಅದು ಅವರು ಹೇಳುವಾಗಲೇ ಗೊತ್ತಿತ್ತು. ಆದರೂ ಅವತ್ತು ಅವಳು ಧನ್ಯವಾದ ಹೇಳಿ ಅದನ್ನು ತೆಗೆದುಕೊಂಡು ಬಂದಿದ್ದಳು.